ಬಾಣಕ್ಕೆ ನವಿಲುಗರಿ ಬೇಡ, ಟರ್ಕಿ ಗರಿ ಸಾಕು

ಮೂರು ವರ್ಷದ ಹಿಂದೆ ನಾನೊಂದು ಫೋಟೊ ತೆಗೆದಿದ್ದೆ. ಸುಗ್ಗಿ ಮುಗಿದ ಹೊಲ, ಹಿಂದೆ ಕಣಕಿ ಬಣವೆ, ಮುಂದೆ ಹದಿಮೂರು ವರ್ಷದ ಹುಡುಗ. ಕೈಯಲ್ಲಿ ಅವನೇ ಮಾಡಿಕೊಂಡ ಬಿದಿರು ಬಿಲ್ಲು. ಬಾಣದ ಹಿಂದೆ ಕಂದು ಬಣ್ಣದ ಗರಿ.

"ಯಾವ ಗರಿ ತಮ್ಮಾ ಇದು?" ಅಂದೆ.

"ನವಿಲಿನ ರೆಕ್ಕಿದ್ರೀ ಸರ. ಹಳ್ಳದ ದಂಡ್ಯಾಗ ಬಿದ್ದಿತ್ತು" ಅಂದ.

ನಾನು ಅದನ್ನೂ ಸೇರಿಸಿ ಬರೆದೆ. ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿತು. ವಾರದೊಳಗೆ ಅರಣ್ಯ ಸಿಬ್ಬಂದಿ ಇಬ್ಬರು ಅವರ ಮನೆ ಹುಡುಕಿಕೊಂಡು ಬಂದರು. ಕೇಸು ಆಗಲಿಲ್ಲ, ಬುದ್ಧಿ ಹೇಳಿ ಹೋದರು. ಆದರೆ ಹುಡುಗನ ಅಪ್ಪ ಹೆದರಿಬಿಟ್ಟಿದ್ದ. ಅಂದೇ ರಾತ್ರಿ ಬಿಲ್ಲು ಮುರಿದು ಒಲೆಗೆ ಹಾಕಿದ. ಹುಡುಗ ಮತ್ತೆ ಬಿಲ್ಲು ಹಿಡಿದಿಲ್ಲ.

ಸಿಬ್ಬಂದಿ ತಮ್ಮ ಕೆಲಸ ಮಾಡಿದರು. ಕಾನೂನು ತಿಳಿಯದೆ ಬರೆದವನು ನಾನು. ಆ ತಪ್ಪಿನ ಭಾರ ಇಳಿಸಿಕೊಳ್ಳಲು ಇವತ್ತು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಬಿಲ್ಲು ಹಿಡಿಯುವ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ.

ಮೊದಲು ಕಾನೂನು. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಜಾತ್ರೆಯಲ್ಲಿ ನವಿಲುಗರಿ ಮಾರುತ್ತಾರಲ್ಲ ಎಂದು ಕೇಳಬಹುದು. ನವಿಲಿನ ಬಾಲದ ಗರಿಗೆ ದೇಶದೊಳಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ರೆಕ್ಕೆಯ ಗರಿಗೆ ಆ ವಿನಾಯಿತಿ ಇಲ್ಲ. ಹದ್ದು, ಗಿಡುಗ, ರಣಹದ್ದಿನ ಗರಿಗೂ ಇಲ್ಲ. ಮೊದಲನೇ ಪಟ್ಟಿಯ ಪ್ರಾಣಿ ಪಕ್ಷಿಗಳ ವಿಷಯದಲ್ಲಿ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ಆದಾಗ ಎಷ್ಟು ಜನ ತಮ್ಮ ಕೊರಳು ಮುಟ್ಟಿ ನೋಡಿಕೊಂಡರು, ನೆನಪಿದೆಯಲ್ಲ?

"ತಾನಾಗಿ ಉದುರಿದ್ದು, ನಾವೇನು ಕೊಂದಿಲ್ಲ" ಎನ್ನುವುದು ನಿಜವೇ ಇರಬಹುದು. ಆದರೆ ಗರಿ ನೋಡಿ ಉದುರಿದ್ದೋ ಕಿತ್ತದ್ದೋ ಹೇಳುವುದು ಹೇಗೆ? ಬೆಳೆ ತಿನ್ನುತ್ತವೆ ಎಂದು ನವಿಲಿಗೆ ವಿಷ ಇಡುವವರೂ ನಮ್ಮ ನಡುವೆಯೇ ಇದ್ದಾರೆ. ಹಾಗಾಗಿ ಕಾಯ್ದೆ ಬಿಗಿಯಾಗಿರುವುದು ತಪ್ಪು ಎಂದು ನಾನು ಹೇಳುವುದಿಲ್ಲ.

ಇನ್ನು ಬಾಲದ ಗರಿ. ಅದು ಬಾಣಕ್ಕೆ ಉಪಯೋಗವೇ ಇಲ್ಲ. ಕೃಷ್ಣನ ಕಿರೀಟಕ್ಕೆ ಚಂದ, ಅಷ್ಟೇ. ಅದರ ಎಳೆಗಳು ಬಿಡಿ ಬಿಡಿ, ಗಾಳಿಯನ್ನು ತಡೆಯುವುದಿಲ್ಲ. ಬಾಣದ ಹಿಂದಿನ ಗರಿಗೆ ಇರುವ ಕೆಲಸ ಗಾಳಿಯನ್ನು ಸ್ವಲ್ಪ ತಡೆದು ಹಿಂಬದಿಯನ್ನು ಹಿಂದೆಯೇ ಇಡುವುದು, ಬಾಣವನ್ನು ತಿರುಗಿಸುತ್ತಾ ನೆಟ್ಟಗೆ ಒಯ್ಯುವುದು. ಅದಕ್ಕೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡ, ಗಟ್ಟಿಯಾದ ರೆಕ್ಕೆ ಗರಿಯೇ ಬೇಕು.

ಹಾಗಾದರೆ ಯಾವುದು? ನನ್ನ ಉತ್ತರ: ಟರ್ಕಿ ಕೋಳಿಯ ರೆಕ್ಕೆಯ ಉದ್ದ ಗರಿ. ಇವತ್ತು ಜಗತ್ತಿನಲ್ಲಿ ಗರಿ ಬಾಣ ಮಾಡುವವರು ಹೆಚ್ಚಾಗಿ ಬಳಸುವುದು ಇದನ್ನೇ. ಹೆಬ್ಬಾತಿನ ರೆಕ್ಕೆ ಗರಿಯೂ ಒಳ್ಳೆಯದು. 15ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರಾಜ ತನ್ನ ಸೈನ್ಯದ ಬಾಣಗಳಿಗೆ ಪ್ರತಿ ಹೆಬ್ಬಾತಿನಿಂದ ಆರು ಗರಿ ಕೊಡಬೇಕೆಂದು ಆಜ್ಞೆ ಮಾಡಿದ್ದ. ರಾಜನಿಗೇ ಹಿತ್ತಿಲ ಹಕ್ಕಿಯ ಗರಿ ಸಾಕಾಗಿತ್ತು. ನಮ್ಮ ಕಡೆ ಟರ್ಕಿ ಸಾಕುವವರು ಅಲ್ಲಲ್ಲಿ ಇದ್ದಾರೆ. ಮಾಂಸದ ಅಂಗಡಿಯಲ್ಲಿ ರೆಕ್ಕೆ ಗರಿ ಕಸಕ್ಕೆ ಹೋಗುತ್ತದೆ, ಕೇಳಿದರೆ ಕೊಡುತ್ತಾರೆ. ಅದೂ ಸಿಗದಿದ್ದರೆ ದೊಡ್ಡ ಜವಾರಿ ಹುಂಜದ ರೆಕ್ಕೆ ಗರಿ. ಸ್ವಲ್ಪ ಮೆತ್ತಗೆ, ಬೇಗ ಸವೆಯುತ್ತದೆ. ಕಲಿಯುವವರಿಗೆ ನಡೆಯುತ್ತದೆ. ರೋಗ ಬಂದು ಸತ್ತ ಕೋಳಿಯ ಗರಿ ಮಾತ್ರ ಮುಟ್ಟಬೇಡಿ.

ಪ್ಲಾಸ್ಟಿಕ್ ಗರಿ ಅಗ್ಗ, ಮಳೆಗೆ ನೆನೆಯುವುದಿಲ್ಲ ಎನ್ನುತ್ತಾರೆ. ಸರಿಯೇ. ಆದರೆ ಅದು ಬಾಣ ಇಡಲು ಬೇರೆ ಆಸರೆ ಇರುವ ಹೊಸ ಬಿಲ್ಲುಗಳಿಗೆ ಹೊಂದುತ್ತದೆ. ಬಿದಿರು ಬಿಲ್ಲಿನಲ್ಲಿ ಬಾಣ ಬಿಲ್ಲಿನ ಮೈಗೆ ತಾಗಿಕೊಂಡೇ ಹೋಗುತ್ತದೆ. ಹಕ್ಕಿಯ ಗರಿ ಅಲ್ಲಿ ಮಡಚಿಕೊಂಡು ದಾಟಿ ಮತ್ತೆ ಎದ್ದು ನಿಲ್ಲುತ್ತದೆ. ಪ್ಲಾಸ್ಟಿಕ್ ಬಡಿದು ಬಾಣವನ್ನು ಪಕ್ಕಕ್ಕೆ ತಳ್ಳುತ್ತದೆ. ನಮ್ಮ ಹುಡುಗರು "ಬಾಣ ಡೊಂಕ ಹೊಂಟೈತ್ರಿ" ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ, ಗರಿ ಆರಿಸುವಲ್ಲಿನ ತಪ್ಪು. ಎಡರೆಕ್ಕೆಯ ಗರಿ ಒಂದು ಕಡೆ ಬಾಗಿದರೆ ಬಲರೆಕ್ಕೆಯದು ಇನ್ನೊಂದು ಕಡೆ ಬಾಗಿರುತ್ತದೆ. ಒಂದು ಬಾಣಕ್ಕೆ ಮೂರೂ ಗರಿ ಒಂದೇ ಕಡೆಯ ರೆಕ್ಕೆಯದಾಗಿರಬೇಕು. ಬೆರೆಸಿದರೆ ಒಂದು ಎಡಕ್ಕೆ ತಿರುಗಿಸುತ್ತದೆ, ಇನ್ನೊಂದು ಬಲಕ್ಕೆ. ಜೋಡೆತ್ತು ಬೇರೆ ಬೇರೆ ದಿಕ್ಕಿಗೆ ಎಳೆದ ಹಾಗೆ. ಎಡ ಬಲ ತಿಳಿಯುವುದು ಸುಲಭ: ಗರಿಗಳನ್ನು ಒಂದರ ಮೇಲೊಂದು ಇಡಿ, ಬಾಗು ಒಂದೇ ಆದರೆ ಒಂದೇ ಕಡೆಯವು.

ದಂಟನ್ನು ಉದ್ದಕ್ಕೆ ಸೀಳಿ, ಉಪ್ಪುಕಾಗದದಲ್ಲಿ ತಿಕ್ಕಿ ಚಪ್ಪಟೆ ಮಾಡಿ. ನಾಲ್ಕರಿಂದ ಐದು ಇಂಚು ಉದ್ದ ಸಾಕು. ಮೂರನ್ನೂ ಸಮ ಅಂತರದಲ್ಲಿ ಅಂಟಿಸಿ, ಹೆದೆ ಕೂರುವ ಕಚ್ಚಿನಿಂದ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಡಿ. ಒಂದು ಗರಿ ಬೇರೆ ಬಣ್ಣದ್ದಿರಲಿ. ಬಾಣ ಹೂಡುವಾಗ ಅದು ಬಿಲ್ಲಿನ ಆಚೆಗೆ ಮುಖ ಮಾಡಿರಬೇಕು. ಗರಿಯ ಮುಂದಿನ ತುದಿಯನ್ನು ನುಣುಪು ಮಾಡಿ ದಾರ ಸುತ್ತಿ. ಇದನ್ನು ಮರೆತರೆ ದಂಟಿನ ಚೂಪು ತುದಿ ಬಿಲ್ಲು ಹಿಡಿದ ಕೈಯನ್ನೇ ಸೀಳುತ್ತದೆ. ಪ್ರತಿ ಸಲ ಬಿಡುವ ಮುಂಚೆ ಬಾಣ ಬಗ್ಗಿಸಿ ಬಿರುಕು ನೋಡಿ, ಗುರಿಯ ಹಿಂದೆ ಮನುಷ್ಯರು, ದನ ಕರು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಗರಿ ಎತ್ತಿಡುವ ಡಬ್ಬಿಗೆ ಎರಡು ನುಸಿಗುಳಿಗೆ ಹಾಕಿ.

ಇಷ್ಟೆಲ್ಲ ಯಾಕೆ ಬೇಕು ಎನ್ನಬೇಡಿ. ರಾಜಸ್ಥಾನದ ಉದಯಪುರ ಜಿಲ್ಲೆಯ ಲಿಂಬಾ ರಾಮ್ ಬಿದಿರು ಬಿಲ್ಲಿನಿಂದಲೇ ಶುರು ಮಾಡಿದ ಆದಿವಾಸಿ ಹುಡುಗ. ಮೂರು ಒಲಿಂಪಿಕ್ಸ್ ಆಡಿದರು. ಬಿದಿರು ಬಿಲ್ಲಿಗೆಂದೇ ನಮ್ಮ ದೇಶದಲ್ಲಿ 'ಇಂಡಿಯನ್ ರೌಂಡ್' ಎಂಬ ಸ್ಪರ್ಧೆ ಇದೆ. ಇತ್ತ ನಮ್ಮ ಬಾಗಲಕೋಟೆ ಜಿಲ್ಲೆ, 1857ರಲ್ಲಿ ಆಯುಧ ಒಪ್ಪಿಸಲ್ಲ ಎಂದು ಬ್ರಿಟಿಷರ ವಿರುದ್ಧ ನಿಂತ ಹಲಗಲಿ ಬೇಡರ ನೆಲ. ಇಲ್ಲಿನ ಹುಡುಗನ ಬಿಲ್ಲು ಒಂದು ಗರಿಯ ದೆಸೆಯಿಂದ ಒಲೆ ಸೇರಬಾರದಿತ್ತು.

ಆದ್ದರಿಂದ ನನ್ನ ಮಾತು ಇಷ್ಟು. ಶಾಲೆಯ ದೈಹಿಕ ಶಿಕ್ಷಕರು ಬಿಲ್ಲು ಹಿಡಿಯುವ ಮಕ್ಕಳಿಗೆ ಗರಿಯ ಪಾಠವನ್ನೂ ಹೇಳಲಿ. ಕ್ರೀಡಾ ಇಲಾಖೆಯವರು ಒಂದು ಟರ್ಕಿ ಫಾರಂ ಜೊತೆ ಮಾತಾಡಿದರೆ ಒಂದು ತಾಲೂಕಿಗಾಗುವಷ್ಟು ಗರಿ ಪುಕ್ಕಟೆ ಸಿಗುತ್ತದೆ. ಅರಣ್ಯ ಇಲಾಖೆಯವರು ಮನೆಗೆ ಬರುವ ಮುಂಚೆ ಶಾಲೆಗೆ ಒಮ್ಮೆ ಬರಲಿ, ಯಾವ ಗರಿ ಮುಟ್ಟಬಾರದು ಎಂದು ತೋರಿಸಲಿ. ನಮ್ಮಂಥ ವರದಿಗಾರರು ಮಕ್ಕಳ ಫೋಟೊ ಹಾಕುವ ಮುಂಚೆ ಎರಡು ಸಲ ಯೋಚಿಸಲಿ.

ಆ ಹುಡುಗ ಈಗ ಹತ್ತನೇ ತರಗತಿ. ಹೋದ ವಾರ ಅವರ ಮನೆಗೆ ಹೋಗಿದ್ದೆ, ಒಂದು ಕಟ್ಟು ಟರ್ಕಿ ಗರಿ ತೆಗೆದುಕೊಂಡು. ಅವರಪ್ಪ ಗರಿ ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕ ಯಾರೂ ಬರಂಗಿಲ್ಲಲ್ರಿ?" ಅಂದರು. ಇಲ್ಲ ಕಾಕಾ, ಅಂದೆ. ಗರಿಯ ಕಟ್ಟನ್ನು ಒಳಗೆ ಒಯ್ದು ಗೂಡಿನಲ್ಲಿ ಇಟ್ಟರು. ಒಲೆಗಂತೂ ಹಾಕಲಿಲ್ಲ.