ಮಂಜುಗಡ್ಡೆಯ ಮೇಲೆ ಗಾಳ

ನೀರು ತಣಿದಂತೆ ಕುಗ್ಗುತ್ತದೆ. 4 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಇನ್ನೂ ತಣಿದರೆ ಹಿಗ್ಗತೊಡಗುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವ ಈ ಸಂಗತಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಆಮೇಲೆ ಮರೆಯುವ ಮಕ್ಕಳೇ ಹೆಚ್ಚು. ಆದರೆ ಉತ್ತರ ಯುರೋಪಿನ ಫಿನ್‌ಲೆಂಡ್ ದೇಶದಲ್ಲಿ ಚಳಿಗಾಲದ ಬದುಕಿನ ಒಂದು ಭಾಗವೇ ಈ ನಿಯಮದ ಮೇಲೆ ನಿಂತಿದೆ. 4 ಡಿಗ್ರಿಯ ನೀರು ಎಲ್ಲಕ್ಕಿಂತ ಸಾಂದ್ರವಾದುದರಿಂದ ಸರೋವರದ ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ತಣ್ಣಗಿನ ನೀರು ಮೇಲೆಯೇ ಉಳಿದು ಮೊದಲು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ನೀರಿಗಿಂತ ಹಗುರವಾದುದರಿಂದ ಮುಳುಗದೆ ತೇಲಿ, ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಮೇಲೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಿದ್ದರೂ ಆ ಹೊದಿಕೆಯ ಅಡಿಯಲ್ಲಿ ಮೀನು ಬದುಕಿರುತ್ತದೆ. ಮನುಷ್ಯನು ಅದೇ ಹೊದಿಕೆಯ ಮೇಲೆ ನಡೆದುಹೋಗಿ, ಅದಕ್ಕೊಂದು ರಂಧ್ರ ಕೊರೆದು ಗಾಳ ಇಳಿಬಿಡುತ್ತಾನೆ.

ಫಿನ್‌ಲೆಂಡಿನಲ್ಲಿ ಚಿಕ್ಕವು ದೊಡ್ಡವು ಸೇರಿ ಸುಮಾರು 1,88,000 ಸರೋವರಗಳಿವೆ. ಚಳಿಗಾಲ ಬಂತೆಂದರೆ ಅವು ತಿಂಗಳುಗಟ್ಟಲೆ ಹೆಪ್ಪುಗಟ್ಟಿರುತ್ತವೆ. ಆಗ ಮಂಜುಗಡ್ಡೆಯ ರಂಧ್ರದಿಂದ ಮೀನು ಹಿಡಿಯುವ ಗಾಳಕ್ಕೆ ಅಲ್ಲಿಯ ಭಾಷೆಯಲ್ಲಿ ‘ಪಿಲ್ಕಿ’ ಎಂದು ಹೆಸರು. ಅಜ್ಜ ಮೊಮ್ಮಕ್ಕಳು ಕೂಡಿ ಹೋಗುವ ಕೆಲಸವಿದು. ಬಿಸಿಲು ಏರುವ ಮಾರ್ಚ್ ತಿಂಗಳಲ್ಲಿ ಸರೋವರಗಳ ಮೇಲೆ ಅಲ್ಲಲ್ಲಿ ಕುಳಿತ ಜನರನ್ನು ಕಾಣಬಹುದು.

ಇದಕ್ಕೆ ಬೇಕಾಗುವ ಹಳೆಯ ಕಾಲದ ಸಲಕರಣೆಗಳನ್ನು ಒಂದು ಕೈಚೀಲದಲ್ಲಿಯೂ ಒಂದು ಕೈಯಲ್ಲಿಯೂ ಹಿಡಿಯಬಹುದು. ಮೊದಲನೆಯದು ‘ತೂರಾ’ ಎಂಬ ಉಳಿಗೋಲು. ಮನುಷ್ಯನ ಎದೆಯೆತ್ತರಕ್ಕೆ ಬರುವ ಕೋಲು. ತುದಿಯಲ್ಲಿ ಬಡಗಿಯ ಉಳಿಯಂತೆ ಹರಿತವಾದ ಕಬ್ಬಿಣದ ಅಲಗು. ಒದ್ದೆಯಾದ ಕೈಯಿಂದ ಜಾರಿ ರಂಧ್ರದೊಳಗೆ ಬಿದ್ದುಹೋಗದಿರಲೆಂದು ಹಿಡಿಕೆಗೆ ಹಗ್ಗದ ಕುಣಿಕೆ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳುತ್ತಾರೆ. ದಪ್ಪ ಮಂಜುಗಡ್ಡೆಯನ್ನು ಕೊರೆಯಲು ಕೈಯಿಂದ ತಿರುಗಿಸುವ ದೊಡ್ಡ ಬೈರಿಗೆ ಇರುತ್ತದೆ. ಕೊರೆದ ಪುಡಿಯನ್ನು ನೀರಿನಿಂದ ಮೊಗೆದು ತೆಗೆಯಲು ತೂತುಗಳಿರುವ ಸೌಟು ಬೇಕು. ನಮ್ಮ ಅಡುಗೆಮನೆಯಲ್ಲಿ ಎಣ್ಣೆಯಿಂದ ಪೂರಿ ತೆಗೆಯುವ ಜಾಲರಿ ಸೌಟನ್ನು ನೋಡಿದವರಿಗೆ ಅದರ ಆಕಾರ ಬೇರೆ ಹೇಳಬೇಕಾಗಿಲ್ಲ. ಕೊನೆಯದಾಗಿ, ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಗಾಳದ ಕೋಲು, ಅದಕ್ಕೊಂದು ದಾರ, ದಾರದ ತುದಿಗೆ ಹೊಳೆಯುವ ಲೋಹದ ಪುಟ್ಟ ತುಣುಕು ಮತ್ತು ಕೊಕ್ಕೆ. ಕೊಕ್ಕೆಗೆ ನೊಣದ ಮರಿಹುಳುವನ್ನು ಸಿಕ್ಕಿಸುತ್ತಾರೆ. ಆ ಹುಳುಗಳು ಚಳಿಗೆ ಸೆಟೆದುಹೋಗದಂತೆ ಅವುಗಳ ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ, ಮೈಯ ಬಿಸಿಗೆ ತಾಗುವಂತೆ ಇಟ್ಟುಕೊಳ್ಳುವುದು ವಾಡಿಕೆ.

ಬಳಸುವ ಕ್ರಮವೂ ಅಷ್ಟೇ ಸರಳ. ಲೋಹದ ತುಣುಕನ್ನು ತಳ ಮುಟ್ಟುವವರೆಗೆ ಇಳಿಬಿಟ್ಟು, ಒಂದು ಗೇಣು ಮೇಲೆತ್ತಿ, ಮತ್ತೆ ಬಿಡುತ್ತಾರೆ. ಬೀಳುವಾಗ ಅದು ಗಾಯಗೊಂಡ ಮರಿಮೀನಿನಂತೆ ಹೊರಳಾಡುತ್ತದೆ. ಫಿನ್‌ಲೆಂಡಿನ ರಾಷ್ಟ್ರೀಯ ಮೀನಾದ ಪರ್ಚ್, ಅಂದರೆ ಅಲ್ಲಿನವರ ‘ಅಹ್ವೆನ್’, ಕಣ್ಣಿನಿಂದ ಬೇಟೆ ಹುಡುಕುವ ಮೀನು. ಈ ಹೊಳಪಿಗೆ ಹತ್ತಿರ ಬರುತ್ತದೆ. ದಾರ ಮಿಡಿದೊಡನೆ ಕೋಲನ್ನು ಬದಿಗಿಟ್ಟು, ದಾರವನ್ನೇ ಕೈಯಿಂದ ಎಳೆದುಕೊಳ್ಳುತ್ತಾರೆ. ಹಳೆಯ ಕೋಲಿನಲ್ಲಿ ತಿರುಗುವ ರಾಟೆಯಿಲ್ಲ. ಎರಡು ಗೂಟಗಳಿಗೆ ದಾರ ಸುತ್ತಿರುತ್ತದೆ, ಅಷ್ಟೆ. ನೀರು ತೊಟ್ಟಿಕ್ಕಿದ ಕ್ಷಣದಲ್ಲಿಯೇ ಹೆಪ್ಪುಗಟ್ಟುವ ಚಳಿಯಲ್ಲಿ ರಾಟೆಯ ಹಲ್ಲುಗಳು ಬಿಗಿದುಕೊಳ್ಳಬಹುದು. ಗೂಟಕ್ಕೆ ಅಂಥ ತೊಂದರೆಯಿಲ್ಲ.

ಇಂದು ಈ ಕೆಲಸಕ್ಕೆ ಯಂತ್ರಗಳೂ ಬಂದಿವೆ. ಮೋಟಾರಿನ ಬೈರಿಗೆ ಕ್ಷಣಾರ್ಧದಲ್ಲಿ ರಂಧ್ರ ಕೊರೆಯುತ್ತದೆ. ಶಬ್ದತರಂಗಗಳನ್ನು ಕಳುಹಿಸಿ ಮೀನು ಯಾವ ಆಳದಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ಉಪಕರಣವಿದೆ. ನೀರಿನೊಳಗೆ ಇಳಿಬಿಡುವ ಕ್ಯಾಮೆರಾ ಇದೆ. ವಯಸ್ಸಾದವರಿಗೆ, ತೋಳಿನ ಬಲ ಕುಂದಿದವರಿಗೆ ಇವುಗಳಿಂದ ಅನುಕೂಲವಾಗುವುದು ನಿಜ. ಚಳಿಗೆ ಬ್ಯಾಟರಿಯ ಕಸುವು ಕುಗ್ಗುತ್ತದೆಂಬುದೂ ಅಷ್ಟೇ ನಿಜ. ಆದರೆ ಹಳೆಯ ಸಲಕರಣೆಯನ್ನು ಇಂದಿಗೂ ಕೈಬಿಡದಿರಲು ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಅದು ಮೀನಿನದಲ್ಲ, ಹಿಡಿಯಹೋದವನ ಪ್ರಾಣದ್ದು.

ಬೈರಿಗೆ ಕೆಲಸ ಆರಂಭಿಸುವುದು ಮನುಷ್ಯನು ತನ್ನ ಜಾಗಕ್ಕೆ ತಲಪಿದ ಮೇಲೆ. ಉಳಿಗೋಲು ದಡದಿಂದ ಮೊದಲ ಹೆಜ್ಜೆ ಇಡುವಾಗಲೇ ಕೆಲಸ ಆರಂಭಿಸುತ್ತದೆ. ಹೊಸ ಮಂಜುಗಡ್ಡೆಯ ಮೇಲೆ ನಡೆಯುವವನು ಅದನ್ನು ತನ್ನ ಮುಂದೆ ಬಲವಾಗಿ ಕುಟ್ಟುತ್ತ, ಆ ಜಾಗ ತಾಳಿದರೆ ಮಾತ್ರ ಕಾಲಿಡುತ್ತಾನೆ. ಅಲಗು ಎಷ್ಟು ಆಳಕ್ಕೆ ಕಚ್ಚಿತು, ಪೆಟ್ಟಿನ ಸದ್ದು ಹೇಗಿತ್ತು, ರಂಧ್ರದಲ್ಲಿ ನೀರು ಒಸರಿತೇ ಎಂಬುದನ್ನು ಗಮನಿಸುತ್ತಾನೆ. ಒಂದೇ ಪೆಟ್ಟಿಗೆ ಅಲಗು ಆಚೆ ತೂರಿದರೆ ಮುಂದಿನ ಹೆಜ್ಜೆಯಿಲ್ಲ. ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಒಂದೇ ಸರೋವರದಲ್ಲಿ ಮಂಜುಗಡ್ಡೆಯ ದಪ್ಪ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ತೊರೆ ಬಂದು ಸೇರುವ ಬಾಯಿ, ಸೇತುವೆಯ ಅಡಿ, ಜೊಂಡು ಬೆಳೆದ ಅಂಚು, ಎರಡು ದಡಗಳು ಹತ್ತಿರವಾಗಿ ನೀರು ಸೆಳೆಯುವ ಜಾಗ — ಇಲ್ಲೆಲ್ಲ ಅದು ತೆಳುವಾಗಿರುತ್ತದೆ. ಹತ್ತು ಮಾರು ಹಿಂದೆ ಕೊರೆದ ರಂಧ್ರದ ಅಳತೆ ಮುಂದಿನ ಹೆಜ್ಜೆಗೆ ಸಾಕ್ಷಿಯಾಗಲಾರದು.

ಇಂಥದೇ ಮೀನುಗಾರಿಕೆ ಬಹಳವಾಗಿರುವ ಅಮೆರಿಕದ ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ನಡೆದುಹೋಗುವವರಿಗೆ ಕನಿಷ್ಠ 4 ಅಂಗುಲ, ಅಂದರೆ ಸುಮಾರು 10 ಸೆಂಟಿಮೀಟರ್ ದಪ್ಪದ ಹೊಸ, ತಿಳಿಯಾದ ಮಂಜುಗಡ್ಡೆ ಇರಬೇಕೆಂದು ಹೇಳುತ್ತದೆ. ಬಿದ್ದ ಹಿಮ ನೆನೆದು ಹೆಪ್ಪಾದ ಬಿಳಿಯ ಮಂಜುಗಡ್ಡೆಯಾದರೆ ಅದರ ದುಪ್ಪಟ್ಟು ದಪ್ಪ ಬೇಕು. ವಸಂತದಲ್ಲಿ ಈ ಲೆಕ್ಕವೂ ಕೈಕೊಡುತ್ತದೆ. ಬಿಸಿಲು ಒಳಹೊಕ್ಕು ಮಂಜುಗಡ್ಡೆಯನ್ನು ಉದ್ದುದ್ದ ಕಡ್ಡಿಗಳಾಗಿ ಸೀಳುತ್ತದೆ. ಅಳೆದರೆ ಮೊಳದಷ್ಟು ದಪ್ಪವಿದ್ದರೂ ಕಾಲಿಟ್ಟರೆ ಕಡ್ಡಿಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಅಳತೆಪಟ್ಟಿಗೆ ಕಾಣದ ಈ ಸಡಿಲು ಉಳಿಗೋಲಿನ ಪೆಟ್ಟಿಗೆ ತಿಳಿಯುತ್ತದೆ.

ಇಷ್ಟಾದರೂ ಕಾಲು ತಪ್ಪುವುದುಂಟು. ಅದಕ್ಕೆಂದೇ ಇರುವ ಸಾಧನ ಇನ್ನೂ ಸಣ್ಣದು: ಮರದ ಎರಡು ಹಿಡಿಗಳು, ಒಂದೊಂದಕ್ಕೂ ಒಂದೊಂದು ಉಕ್ಕಿನ ಮೊಳೆ, ಎರಡನ್ನೂ ಜೋಡಿಸುವ ದಾರ. ಅದನ್ನು ಕೊರಳಿಗೆ ಹಾಕಿಕೊಂಡೇ ಸರೋವರಕ್ಕೆ ಇಳಿಯುತ್ತಾರೆ. ನೀರಿಗೆ ಬಿದ್ದವನ ಬರಿಗೈಗೆ ಒದ್ದೆ ಮಂಜುಗಡ್ಡೆಯ ಅಂಚು ಹಿಡಿತ ಕೊಡುವುದಿಲ್ಲ, ಮೊಳೆ ಕೊಡುತ್ತದೆ. ಬಿದ್ದವನು ಮೊದಲು ತಾನು ಬಂದ ದಿಕ್ಕಿಗೆ ತಿರುಗಬೇಕು, ಏಕೆಂದರೆ ಸ್ವಲ್ಪ ಹೊತ್ತಿನ ಹಿಂದೆ ಅವನ ಭಾರವನ್ನು ತಾಳಿದ್ದು ಆ ಕಡೆಯ ಮಂಜುಗಡ್ಡೆಯೇ. ಮೊಳೆಗಳನ್ನು ನಾಟಿ, ಕಾಲು ಬಡಿಯುತ್ತ ಮೈಯನ್ನು ಮೇಲೆಳೆದುಕೊಂಡು, ಎದ್ದು ನಿಲ್ಲದೆ ಹೊರಳುತ್ತ ದೂರ ಸರಿಯಬೇಕು. ನಿಂತರೆ ಇಡೀ ಭಾರ ಎರಡು ಪಾದಗಳ ಮೇಲೆ ಬೀಳುತ್ತದೆ. ಮಲಗಿದರೆ ಅದು ಹರಡಿಕೊಳ್ಳುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂಬ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಈ ಸರಳ ಗಾಳಕ್ಕೆ ಫಿನ್‌ಲೆಂಡಿನ ಕಾನೂನಿನಲ್ಲಿಯೂ ಒಂದು ಸ್ಥಾನವಿದೆ. 2016ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಮೀನುಗಾರಿಕೆ ಕಾಯಿದೆಯ ಪ್ರಕಾರ ಸಾಮಾನ್ಯ ಗಾಳವನ್ನೂ ಮಂಜುಗಡ್ಡೆಯ ಪಿಲ್ಕಿಯನ್ನೂ ಬಳಸಲು ಯಾರೂ ಶುಲ್ಕ ಕಟ್ಟಬೇಕಾಗಿಲ್ಲ, ನೀರಿನ ಒಡೆಯನ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಸಾಲ್ಮನ್ ಜಾತಿಯ ಮೀನುಗಳು ಸಂಚರಿಸುವ ನೀರಿನ ರಭಸದ ಹರಿವುಗಳು, ಮೀನು ಹಿಡಿಯುವುದನ್ನು ನಿಷೇಧಿಸಿರುವ ಬೇರೆ ಜಾಗಗಳು ಇದಕ್ಕೆ ಹೊರತು. ಬಲೆ ಬೀಸುವುದಾದರೆ ಮಾತು ಬೇರೆ. ಅದಕ್ಕೆ ಅನುಮತಿ ಬೇಕು. ಹಕ್ಕಿನ ಗೆರೆಯನ್ನು ಕಾನೂನು ಎಳೆದಿರುವುದು ಹಿಡಿಯುವವನ ಅಂತಸ್ತನ್ನು ನೋಡಿ ಅಲ್ಲ, ಅವನ ಕೈಯಲ್ಲಿರುವ ಸಲಕರಣೆಯನ್ನು ನೋಡಿ. ಒಂದು ಕೈ, ಒಂದು ದಾರ ಇಡೀ ದಿನ ದುಡಿದರೂ ಸರೋವರದಿಂದ ಪಡೆಯಬಹುದಾದದ್ದು ಮಿತವಾದದ್ದೇ. ಹೀಗಾಗಿ ದುಬಾರಿ ಯಂತ್ರ ಕೊಳ್ಳಲಾಗದ ಮನೆಯ ಮಗುವೂ ದೇಶದ ಸಾವಿರಾರು ಸರೋವರಗಳ ಮೇಲೆ ಉಳಿದವರಂತೆಯೇ ಕುಳಿತು ಗಾಳ ಇಳಿಬಿಡಬಹುದು.

ಅಂಥ ಮಗುವಿಗೆ ಹಿರಿಯರು ಮೊದಲು ಕಲಿಸಬೇಕಾದದ್ದು ಮೀನು ಹಿಡಿಯುವುದನ್ನಲ್ಲ. ಕೊರಳಲ್ಲಿ ಮೊಳೆಗಳಿವೆಯೇ ಎಂದು ಮುಟ್ಟಿ ನೋಡಿಕೊಳ್ಳುವುದನ್ನು, ಕುಟ್ಟಿ ಹೆಜ್ಜೆಯಿಡುವುದನ್ನು, ಉಳಿಗೋಲು ಬೇಡವೆಂದ ದಿನ ಖಾಲಿ ಚೀಲದೊಡನೆ ಮನೆಗೆ ಮರಳುವುದನ್ನು.