ಸಂಪಾದಕೀಯ: ಹನ್ನೆರಡು ವರ್ಷ ಓದಿದ ಊರಲ್ಲೇ ಅನಿವಾಸಿ!



೨೦೨೫ರ ಬೇಸಿಗೆಯಲ್ಲಿ ಮೈಸೂರಿನಿಂದ ಅಣ್ಣ ಮಾಡಿದ ಒಂದು ಫೋನು ಇನ್ನೂ ನನ್ನ ತಲೆಯಲ್ಲಿ ಕೂತಿದೆ. ಇಲ್ಲಿ ಬೆಳಗಿನ ಜಾವ, ಅಲ್ಲಿ ಮಧ್ಯಾಹ್ನ. "ಲೋ, ನೀನು ಕಂಪ್ಯೂಟರ್‌ನವನಲ್ವಾ, ಇದೇನೋ ನೋಡು. ಮಗಳನ್ನ ಎನ್‌ಆರ್‌ಐ ಅಂತಿದೆ!" ಎಂದ. ನನಗೆ ಮೊದಲು ನಗು ಬಂತು. ಎನ್‌ಆರ್‌ಐ ನಾನು. ಅವಳು ಚಾಮುಂಡಿಬೆಟ್ಟದ ಬುಡದಲ್ಲಿ ಬೆಳೆದ ಹುಡುಗಿ, ಅವಳ ಇಂಗ್ಲಿಷಿನಲ್ಲೂ ಮೈಸೂರಿನ ರಾಗವಿದೆ.

ವಿಷಯ ಇಷ್ಟು. ಅವಳು ಹುಟ್ಟಿದ್ದು ೨೦೦೭ರಲ್ಲಿ, ಅಮೆರಿಕದಲ್ಲಿ. ಆಗ ಅಣ್ಣ ನನ್ನ ಹಾಗೇ ಇಲ್ಲಿ ಕೆಲಸದಲ್ಲಿದ್ದ. ಹುಟ್ಟಿದ ಮೇಲೆ ಅಮೆರಿಕದ ಪಾಸ್‌ಪೋರ್ಟು, ಮರುವರ್ಷ ಓಸಿಐ ಕಾರ್ಡು, ನಮ್ಮೆಲ್ಲರ ಮನೆಯ ಕತೆಯೇ. ೨೦೧೨ರಲ್ಲಿ ಅಣ್ಣ ಸಂಸಾರ ಸಮೇತ ಊರಿಗೆ ಹೋದ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಹನ್ನೆರಡು ವರ್ಷ ಹುಡುಗಿ ಓದಿದ್ದು ಮೈಸೂರಿನಲ್ಲೇ. ಕಾಲೇಜಿನ ಪ್ರವೇಶಕ್ಕೆ ಅಂತರ್ಜಾಲದಲ್ಲಿ ಅರ್ಜಿ ತುಂಬಲು ಕೂತಳು. ಯಾವ ಜಾಲತಾಣ ಎಂದು ಬರೆಯುವುದಿಲ್ಲ, ಈ ತಪ್ಪು ಎಲ್ಲಿ ಬೇಕಾದರೂ ಆಗಬಹುದಾದದ್ದು. ರಾಷ್ಟ್ರೀಯತೆ ಎಂಬ ಪಟ್ಟಿಯಲ್ಲಿ 'ಓಸಿಐ' ಆರಿಸಿದಳು. ಕಾರ್ಡು ಕೊಟ್ಟ ತಾರೀಖು ಕೇಳಿತು. ಕೈಯಲ್ಲಿದ್ದ ಕಿರುಪುಸ್ತಕ ನೋಡಿ ಪ್ರಾಮಾಣಿಕವಾಗಿ ತುಂಬಿದಳು: ೨೦೨೨. ಮರುಕ್ಷಣ ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದ್ದೀರಿ ಎಂದು ಕೇಳುವ ಪುಟವೇ ಮಸುಕಾಗಿ ಮುಚ್ಚಿಕೊಂಡಿತು. ತೆರೆದಿದ್ದ ಬಾಗಿಲು ಒಂದೇ, ಎನ್‌ಆರ್‌ಐ ಸೀಟು. ಶುಲ್ಕದ ಕೊನೆಗೆ ಒಂದು ಸೊನ್ನೆ ಹೆಚ್ಚು.

೨೦೨೨ ಎಲ್ಲಿಂದ ಬಂತು? ಮಳೆಗಾಲದಲ್ಲಿ ಗೋಡೆಯಿಂದ ನೀರಿಳಿದು ಕಪಾಟಿನಲ್ಲಿದ್ದ ಹಳೆಯ ಕಿರುಪುಸ್ತಕ ಮುದ್ದೆಯಾಗಿತ್ತು. ಅದರ ಬದಲಿಗೆ ಹೊಸದು ಮಾಡಿಸಿದ್ದರು. ಹೊಸ ಪುಸ್ತಕದ ಮೇಲೆ ಹೊಸ ತಾರೀಖು. ಅವಳು ಓಸಿಐ ಆಗಿದ್ದು ೨೦೦೮ರಲ್ಲಿ, ಪುಸ್ತಕ ಮುದ್ರಣವಾಗಿದ್ದು ೨೦೨೨ರಲ್ಲಿ. ಈ ಎರಡರ ನಡುವೆ ಒಂದು ತಾರೀಖಿದೆ. ಅದು ೨೦೨೧ರ ಮಾರ್ಚ್ ೪. ನಮ್ಮ ಓದುಗರಲ್ಲಿ ಊರಿಗೆ ಹಿಂದಿರುಗುವ ಯೋಚನೆ ಇರುವವರು, ಈಗಾಗಲೇ ಹಿಂದಿರುಗಿರುವವರು ಈ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಓಸಿಐ ಯೋಜನೆ ಬಂದಾಗ ನಮ್ಮಲ್ಲಿ ಹಲವರು ಅದನ್ನು ಇಮ್ಮಡಿ ಪೌರತ್ವ ಎಂದೇ ಭಾವಿಸಿ ಸಿಹಿ ಹಂಚಿದ್ದೆವು. ಅದು ಪೌರತ್ವವಲ್ಲ, ಮತದಾನದ ಹಕ್ಕೂ ಇಲ್ಲ. ೨೦೦೫, ೨೦೦೭ ಮತ್ತು ೨೦೦೯ರ ಕೇಂದ್ರದ ಅಧಿಸೂಚನೆಗಳು ಶಿಕ್ಷಣವೂ ಸೇರಿ ಹಲವು ವಿಷಯಗಳಲ್ಲಿ ಓಸಿಐ ಇರುವವರನ್ನು ಎನ್‌ಆರ್‌ಐಗಳಿಗೆ ಸಮ ಎಂದವು. ಎನ್‌ಆರ್‌ಐ ಎಂದರೆ ಭಾರತದ ಪ್ರಜೆಯೇ ತಾನೇ? ಹಾಗಾದರೆ ಸಾಮಾನ್ಯ ಸೀಟಿಗೂ ಸ್ಪರ್ಧಿಸಬಹುದಲ್ಲ? ಈ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ ಹೋಯಿತು. ೨೦೨೦ರ ಡಿಸೆಂಬರ್‌ನಲ್ಲಿ ಕೋರ್ಟು, ವೃತ್ತಿಶಿಕ್ಷಣದ ಪ್ರವೇಶದಲ್ಲಿ ಓಸಿಐ ವಿದ್ಯಾರ್ಥಿಗಳನ್ನು ಭಾರತೀಯ ಪ್ರಜೆಗಳಂತೆಯೇ ನೋಡಬೇಕು, ಎನ್‌ಆರ್‌ಐ ಸೀಟಿಗಷ್ಟೇ ಕಟ್ಟಿಹಾಕಬಾರದು ಎಂದಿತು. ನಮ್ಮ ಬಳಗದಲ್ಲಿ ಅಂದು ಸಂಭ್ರಮವೋ ಸಂಭ್ರಮ. ಮೂರು ತಿಂಗಳೂ ನಿಲ್ಲಲಿಲ್ಲ. ೨೦೨೧ರ ಮಾರ್ಚ್ ೪ರಂದು ಕೇಂದ್ರ ಗೃಹ ಇಲಾಖೆ ಹಳೆಯ ಅಧಿಸೂಚನೆಗಳನ್ನೆಲ್ಲ ಬದಿಗಿಟ್ಟು ಹೊಸದೊಂದನ್ನು ಹೊರಡಿಸಿತು. ನೀಟ್, ಜೆಇಇ ಮುಂತಾದ ಪರೀಕ್ಷೆಗಳನ್ನು ಓಸಿಐ ಮಕ್ಕಳು ಬರೆಯಬಹುದು, ಆದರೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟಿಗೆ ಮಾತ್ರ, ಭಾರತೀಯರಿಗೇ ಮೀಸಲಾದ ಸೀಟಿಗೆ ಇಲ್ಲ ಎಂಬುದು ಅದರ ಸಾರ.

ಅಂದು ಹನ್ನೆರಡನೇ ತರಗತಿಯಲ್ಲಿ ಕೂತು ಓದುತ್ತಿದ್ದ ಮಕ್ಕಳ ಗತಿ? ಸುಪ್ರೀಂ ಕೋರ್ಟಿಗೆ ಹೋದರು. ೨೦೨೩ರ ಫೆಬ್ರವರಿ ೩ರಂದು ತೀರ್ಪು ಬಂತು. ಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ. ಹೊಸ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ, ಆದರೆ ಅದು ಮುಂದಕ್ಕೆ ಮಾತ್ರ ಅನ್ವಯ; ಮಾರ್ಚ್ ೪ಕ್ಕೆ ಮೊದಲೇ ಓಸಿಐ ಪಡೆದವರ ಹಳೆಯ ಹಕ್ಕು ಉಳಿಯುತ್ತದೆ ಎಂದಿತು ಕೋರ್ಟು. ಅಂದರೆ ಅಣ್ಣನ ಮಗಳ ಹಕ್ಕು ಗಟ್ಟಿಯಾಗಿಯೇ ಇತ್ತು, ದೇಶದ ಅತ್ಯುನ್ನತ ನ್ಯಾಯಾಲಯವೇ ಅದನ್ನು ಕಾಪಾಡಿತ್ತು. ಅದನ್ನು ತೆಗೆದುಹಾಕಿದ್ದು ಅರ್ಜಿಯ ಪುಟದ ಹಿಂದಿದ್ದ ಒಂದು ಸಾಲು ಪ್ರೋಗ್ರಾಮು.

ಆ ಸಾಲನ್ನು ಬರೆದವನ ಮೇಲೆ ನನಗೆ ಕೋಪವಿಲ್ಲ, ಅವನ ಪರಿಚಯ ನನಗೆ ಚೆನ್ನಾಗಿದೆ. ನಾನೂ ಹೊಟ್ಟೆಪಾಡಿಗೆ ಬರೆಯುವುದು ಇಂಥದೇ ಪ್ರೋಗ್ರಾಮು, ವಿಮೆಯ ಅರ್ಜಿಗಳಿಗೆ. 'ಓಸಿಐ ತಾರೀಖು ಮಾರ್ಚ್ ೪ಕ್ಕಿಂತ ಹಿಂದಿದ್ದರೆ ಸರಿ, ಇಲ್ಲದಿದ್ದರೆ ಎನ್‌ಆರ್‌ಐ' ಎಂದು ಯಾರೋ ಒಂದು ಸಾಲಿನಲ್ಲಿ ಬರೆದುಕೊಡುತ್ತಾರೆ. ಯಾವ ತಾರೀಖು? ನೋಂದಣಿಯಾದದ್ದೋ, ಪುಸ್ತಕ ಮುದ್ರಿಸಿದ್ದೋ? ಕೇಳಲು ಹೊತ್ತಿಲ್ಲ, ಜಾಲತಾಣ ಸೋಮವಾರ ತೆರೆಯಬೇಕು. ಕಿರುಪುಸ್ತಕದ ಮೇಲೆ ಕಣ್ಣಿಗೆ ಕಾಣುವ ತಾರೀಖನ್ನು ಹಿಡಿದುಕೊಂಡು ಬರೆದು ಮುಗಿಸುತ್ತಾನೆ. ಪರೀಕ್ಷೆ ಮಾಡುವವರು ಹತ್ತು ಅರ್ಜಿ ತುಂಬಿ ನೋಡುತ್ತಾರೆ, ಹತ್ತರಲ್ಲೂ ಬೆಂಗಳೂರಿನಲ್ಲೇ ಹುಟ್ಟಿ ಬೆಂಗಳೂರಿನಲ್ಲೇ ಓದಿದ ಮಗು. ಎಲ್ಲ ಹಸಿರು. ನನ್ನ ಪ್ರೋಗ್ರಾಮುಗಳಲ್ಲೂ ಇಂಥ ಎಷ್ಟು ಜನ ಸಿಕ್ಕಿಬಿದ್ದಿರಬಹುದೋ ಎಂದು ಆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಯೋಚಿಸಿದ್ದುಂಟು. ಗಣಕ ತಪ್ಪು ಮಾಡುವುದಿಲ್ಲ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಪಾಪ, ಅವರ ಕಾಲಕ್ಕೆ ಗಣಕಕ್ಕೆ ತೀರ್ಪು ಕೊಡುವ ಕೆಲಸ ಹಚ್ಚಿರಲಿಲ್ಲ.

೧೯೯೪ರಲ್ಲಿ ಸಿಇಟಿ ಶುರುವಾದ ಹೊಸದರಲ್ಲಿ ಅದನ್ನು ಬರೆದವರಲ್ಲಿ ನಾನೂ ಒಬ್ಬ. ಆಗ ವ್ಯಾಸಂಗ ಪ್ರಮಾಣಪತ್ರ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಗೆ ಎರಡು ದಿನ ಬೆಂಚಿನ ಮೇಲೆ ಕೂತಿದ್ದೆ. ಆ ಕಾಲ ಚೆನ್ನಾಗಿತ್ತು ಎಂದು ಹೇಳುವಷ್ಟು ನೆನಪು ಮಾಸಿಲ್ಲ. ಕಂಪ್ಯೂಟರ್ ಬಂದು ಆ ಬೆಂಚು ತಪ್ಪಿದ್ದು ಒಳ್ಳೆಯದೇ ಆಯಿತು, ಹಳ್ಳಿಯ ಮಕ್ಕಳಿಗಂತೂ ಬಸ್ ಚಾರ್ಜಾದರೂ ಉಳಿಯಿತು. ಆದರೆ ಆ ಮೇಜಿನ ಹಿಂದೆ ಒಬ್ಬ ಮನುಷ್ಯ ಇದ್ದ. "ಸಾರ್, ಇದು ಹೀಗಲ್ಲ, ಹೀಗೆ" ಎಂದರೆ ಗೊಣಗಿಕೊಂಡಾದರೂ ಕನ್ನಡಕ ಏರಿಸಿ ಇನ್ನೊಮ್ಮೆ ನೋಡುತ್ತಿದ್ದ. ಅಣ್ಣನ ಮಗಳಿಗೆ ಸಿಕ್ಕಿದ್ದು ಕೆಂಪು ಅಕ್ಷರದ ಒಂದು ಸಾಲು, ಕಾರಣವಿಲ್ಲ, ಕಾರಣ ಕೇಳಲು ವಿಳಾಸವೂ ಇಲ್ಲ. ಸಹಾಯವಾಣಿಯಲ್ಲಿ ಸಿಕ್ಕವರೂ ಅದೇ ಪರದೆಯನ್ನು ನೋಡಿ ಅದೇ ಸಾಲನ್ನು ಓದಿಹೇಳಿದರು!

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಕರ್ನಾಟಕ ತನ್ನ ಮಕ್ಕಳು ಯಾರು ಎಂದು ತೀರ್ಮಾನಿಸಲು ಒಂದು ಅಳತೆ ಇಟ್ಟುಕೊಂಡಿದೆ, ನನ್ನ ಮಟ್ಟಿಗೆ ಅದು ಒಳ್ಳೆಯ ಅಳತೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲೇ ಪಾಸು ಮಾಡಿರಬೇಕು. ಜಾತಿ ಅಲ್ಲ, ಮನೆತನ ಅಲ್ಲ, ಎಲ್ಲಿ ಕೂತು ಕಲಿತೆ ಎಂಬುದು. ಅದಕ್ಕೆ ಜೊತೆಯಾಗಿ ೨೦೧೫ರ ಕನ್ನಡ ಭಾಷಾ ಕಲಿಕೆ ಕಾಯಿದೆ ಇದೆ. ನಾವೆಲ್ಲ ಸಹಿ ಸಂಗ್ರಹಿಸಿ ಬೆಂಬಲಿಸಿದ್ದ ಆಶಯವೇ ಅದು: ರಾಜ್ಯದ ಯಾವ ಪಠ್ಯಕ್ರಮದ ಶಾಲೆಯೇ ಇರಲಿ, ಮಗು ಕನ್ನಡ ಕಲಿಯಲೇಬೇಕು. ಅಣ್ಣನ ಮಗಳು ಕಲಿತಳು. ಕುವೆಂಪು, ಬೇಂದ್ರೆ ಪದ್ಯಗಳನ್ನು ಬಾಯಿಪಾಠ ಮಾಡಿ ಅಂಕ ತೆಗೆದಳು. ಕಲಿಯುವಾಗ ನೀನು ಕರ್ನಾಟಕದ ಮಗು, ಕಲಿಯಲೇಬೇಕು ಎನ್ನುವುದು. ಸೀಟು ಕೇಳುವಾಗ ಪಾಸ್‌ಪೋರ್ಟಿನ ಬಣ್ಣ ನೋಡುವುದು. ಇದು ಯಾವ ಊರಿನ ನ್ಯಾಯ?

ಈಗ ಕೆಲವರು ಹೇಳುವುದನ್ನೂ ಕೇಳಿಸಿಕೊಳ್ಳೋಣ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗು ನಾಳೆ ಡಿಗ್ರಿ ಹಿಡಿದು ವಿಮಾನ ಹತ್ತುತ್ತದೆ, ಆ ಸೀಟಿನಲ್ಲಿ ರಾಯಚೂರಿನದೋ ಚಾಮರಾಜನಗರದ್ದೋ ಒಂದು ಮಗು ಕೂರಬಹುದಿತ್ತು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ನಮ್ಮ ಮಕ್ಕಳು ಬಡವರಲ್ಲ, ಅನಾಥರಲ್ಲ, ಅವರ ಮುಂದೆ ಬೇರೆ ದಾರಿಗಳಿವೆ. ಡಿಗ್ರಿ ಹಿಡಿದು ವಿಮಾನ ಹತ್ತಿದವರಲ್ಲಿ ನೀವು, ನಾನು ಎಲ್ಲರೂ ಇದ್ದೇವೆ ಎಂಬುದನ್ನೂ ಮರೆಯಬಾರದು. ಆಗ ನಮ್ಮ ಪಾಸ್‌ಪೋರ್ಟು ಅಪ್ಪಟ ನೀಲಿಯಾಗಿತ್ತು. ಮಾರ್ಚ್ ೪ರ ನಂತರದ ಮಕ್ಕಳಿಗೆ ನಿಯಮ ಇರಬೇಕೋ ಬೇಡವೋ ಎಂಬುದು ನಿಜವಾದ ಚರ್ಚೆ, ಅದನ್ನು ದೆಹಲಿಯಲ್ಲಿ ಮಾಡಬೇಕು. ನನ್ನ ಅಭಿಪ್ರಾಯ ಕೇಳಿದರೆ, ಏಳು ವರ್ಷದ ಅಳತೆಯನ್ನೇ ಅವರಿಗೂ ಹಚ್ಚಬೇಕು: ಇಲ್ಲಿ ಓದಿದವರು ಇಲ್ಲಿಯವರು, ರಜೆಗೆ ಬಂದವರು ಎನ್‌ಆರ್‌ಐ. ಆದರೆ ಕೋರ್ಟು ಉಳಿಸಿಕೊಟ್ಟ ಹಕ್ಕನ್ನು ಜಾಲತಾಣ ಕಿತ್ತುಕೊಳ್ಳುವುದು ಚರ್ಚೆಯೇ ಅಲ್ಲ, ಅದು ಬರೀ ತಪ್ಪು.

ತಿದ್ದಲು ಆಗದ ತಪ್ಪೂ ಅಲ್ಲ. ಐಐಟಿಗಳ ಜೆಇಇ ಅಡ್ವಾನ್ಸ್ಡ್ ನಿಯಮಗಳು ಈ ತೀರ್ಪಿನ ನಂತರ ಮಾರ್ಚ್ ೪ಕ್ಕೆ ಮೊದಲಿನ ಓಸಿಐ ಮಕ್ಕಳನ್ನು ಬೇರೆಯಾಗಿ ಗುರುತಿಸಿ, ಮೀಸಲಾತಿಯಿಲ್ಲದ ಸಾಮಾನ್ಯ ವರ್ಗದಲ್ಲಿ ಭಾರತೀಯರ ಸಮಕ್ಕೆ ಸ್ಪರ್ಧಿಸುವ ಆಯ್ಕೆ ಕೊಟ್ಟಿವೆ. ಕರ್ನಾಟಕದ ಶಾಲೆಗಳ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ ಇದೆ, ಯಾವ ವರ್ಷ ಯಾವ ಶಾಲೆ ಎಂಬುದು ರಾಜ್ಯದ ಗಣಕದಲ್ಲೇ ಕೂತಿದೆ. ಪ್ರವೇಶದ ಅರ್ಜಿ ಯಾವುದೇ ಆಗಲಿ, ಮೊದಲು ಓದಿದ ವರ್ಷ ಕೇಳಿ, ಆಮೇಲೆ ರಾಷ್ಟ್ರೀಯತೆ ಕೇಳಲಿ. ಓಸಿಐ ಎಂದರೆ ಮೊದಲ ನೋಂದಣಿಯ ತಾರೀಖು ಕೇಳಲಿ. ಅರ್ಹರಲ್ಲ ಎನ್ನುವುದಾದರೆ ಯಾವ ನಿಯಮದ ಪ್ರಕಾರ ಎಂದು ಕನ್ನಡದಲ್ಲಿ ಬರೆದು ತೋರಿಸಲಿ, ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಮೊದಲು ಒಬ್ಬ ಮನುಷ್ಯ ಅದನ್ನು ನೋಡಲಿ. ಇದರಿಂದ ಹೆಚ್ಚು ಅನುಕೂಲವಾಗುವುದು ನಮಗಲ್ಲ. ಕಾಸರಗೋಡು, ಮಂಜೇಶ್ವರ, ಜತ್ತ, ಅಕ್ಕಲಕೋಟೆಯ ಗಡಿನಾಡ ಮಕ್ಕಳಿದ್ದಾರಲ್ಲ, ರಾಜ್ಯದ ಹೊರಗಿನ ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಸ್ಯಾಟ್ಸ್ ಸಂಖ್ಯೆಯಿಲ್ಲದವರು, ಗಡಿನಾಡ ಕನ್ನಡಿಗರೆಂದು ಸೀಟು ಕೇಳಲು ಕನ್ನಡ ಪರೀಕ್ಷೆಯನ್ನೂ ಬರೆಯಬೇಕಾದವರು. ಪಟ್ಟಿಯಲ್ಲಿ ತಮ್ಮ ಹೆಸರಿನ ಚೌಕವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನಮಗಿಂತ ಮೊದಲು ಅವರಿಗೆ ಗೊತ್ತು.

ಮನೆಯಲ್ಲಿ ನಾವು ಮಾಡಬೇಕಾದ ಕೆಲಸವೂ ಇದೆ. ಮಗುವಿನ ಮೊದಲ ಓಸಿಐ ಕಿರುಪುಸ್ತಕ ಎಷ್ಟೇ ಹರಿದಿರಲಿ, ಎಸೆಯಬೇಡಿ. ಮೊದಲ ಪುಟದ ಪ್ರತಿ ತೆಗೆದು ಎರಡು ಕಡೆ ಇಡಿ. ಅರ್ಜಿಯ ಪುಟ ಮುಂದಕ್ಕೆ ಹೋಗುತ್ತಿಲ್ಲವೆಂದು 'ಭಾರತೀಯ' ಎಂದು ಒತ್ತಿಬಿಡುವ ಆಸೆ ಬರುತ್ತದೆ, ಅಣ್ಣನಿಗೂ ಬಂದಿತ್ತು. ಬೇಡ, ಅದು ಸುಳ್ಳು ಹೇಳಿಕೆಯಾಗಿ ಆಮೇಲೆ ಸೀಟನ್ನೇ ನುಂಗಬಹುದು. ಸದ್ಯಕ್ಕೆ ಎನ್‌ಆರ್‌ಐ ಎಂದೇ ಹಾಕಿ ಆಮೇಲೆ ನೋಡೋಣ ಎಂಬುದೂ ಬೇಡ. ಕೆಂಪು ಸಾಲಿನ ಚಿತ್ರ ತೆಗೆದಿಟ್ಟು, ತೀರ್ಪಿನ ತಾರೀಖು ನಮೂದಿಸಿ, ಅಂದೇ ಲಿಖಿತವಾಗಿ ದೂರು ಕೊಡಿ.

ಅಣ್ಣ ಮಾಡಿದ್ದು ಅದನ್ನೇ. ಅದೃಷ್ಟಕ್ಕೆ ಹಳೆಯ ಕಿರುಪುಸ್ತಕದ ನೆರಳಚ್ಚೊಂದು ನನ್ನ ಬಳಿ ಇತ್ತು, ೨೦೦೮ರಲ್ಲಿ ಅರ್ಜಿ ತುಂಬಿಕೊಟ್ಟಿದ್ದು ನಾನೇ. ಅದನ್ನು ಕಳಿಸಿದೆ. ಹನ್ನೊಂದು ದಿನ ಹಿಡಿಯಿತು. ಕೊನೆಗೆ ಅದನ್ನು ಬಿಡಿಸಿದ್ದು ಒಬ್ಬ ಗುಮಾಸ್ತೆ. ಎರಡು ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇದು ಹಳೇದೇ ಅಲ್ವೇನಮ್ಮಾ" ಎಂದು ಐದು ನಿಮಿಷದಲ್ಲಿ ತಿದ್ದಿದರಂತೆ. ಅಷ್ಟರಲ್ಲಿ ಮೊದಲ ಸುತ್ತಿನ ಹಂಚಿಕೆ ಮುಗಿದಿತ್ತು. ಅವಳು ಬಯಸಿದ್ದ ಕಾಲೇಜು ಸಿಗಲಿಲ್ಲ, ಎರಡನೇ ಸುತ್ತಿನಲ್ಲಿ ಇನ್ನೊಂದು ಸಿಕ್ಕಿತು.

ಪ್ರವೇಶದ ಉಸ್ತುವಾರಿ ಹೊತ್ತ ರಾಜ್ಯದ ಅಧಿಕಾರಿಗಳಿಗೂ ನಮ್ಮ ಸಂಸದರಿಗೂ ಈ ವಿಷಯದ ಮನವಿಯೊಂದನ್ನು ಕಳಿಸಬೇಕೆಂದಿದ್ದೇವೆ. ಅದಕ್ಕೆ ಒಂದು ಮನೆಯ ಕತೆ ಸಾಲದು. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಹೀಗಾಗಿದ್ದರೆ ನಮಗೊಂದು ಮಿಂಚಂಚೆ ಬರೆಯಿರಿ. ಮಗುವಿನ ಹೆಸರು ಬೇಡ, ಕಾರ್ಡಿನ ಸಂಖ್ಯೆ ಬೇಡ. ಯಾವ ವರ್ಷ, ಅರ್ಜಿ ಯಾವ ಪ್ರಶ್ನೆಯ ಹತ್ತಿರ ನಿಂತಿತು, ಬಿಡಿಸಿಕೊಳ್ಳಲು ಎಷ್ಟು ದಿನ ಹಿಡಿಯಿತು, ಇಷ್ಟು ಬರೆದರೆ ಸಾಕು.