ರೋಂಡೊ ಆಡಿದರೆ ಸಾಕು, ಓಡಬೇಕಿಲ್ಲ ಎನ್ನುವುದು ನಿಜವೇ?

ಫುಟ್‌ಬಾಲ್ ಗ್ರೂಪುಗಳಲ್ಲಿ ಒಂದು ಬಗೆಯ ವಿಡಿಯೋ ಆಗಾಗ ಬರುತ್ತಿರುತ್ತದೆ. ಏಳೆಂಟು ಮಂದಿ ವೃತ್ತವಾಗಿ ನಿಂತು ಚೆಂಡನ್ನು ಪಟಪಟನೆ ಪಾಸ್ ಮಾಡುತ್ತಿರುತ್ತಾರೆ. ನಡುವೆ ಇಬ್ಬರು ಅದನ್ನು ಕಸಿಯಲು ಪರದಾಡುತ್ತಿರುತ್ತಾರೆ. ಇದೊಂದನ್ನು ಆಡಿದರೆ ಫಿಟ್‌ನೆಸ್ ತಾನಾಗಿ ಬರುತ್ತದೆ, ಗ್ರೌಂಡ್ ಸುತ್ತು ಹಾಕುವುದೆಲ್ಲ ಹಳೇ ಕಾಲದ್ದು ಎಂಬ ಮಾತೂ ಜೊತೆಗಿರುತ್ತದೆ. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಇದರಲ್ಲಿ ಅರ್ಧ ಮಾತ್ರ ನಿಜ.

ಆ ಆಟದ ಹೆಸರು ರೋಂಡೊ. 1988ರಿಂದ 1996ರವರೆಗೆ ಬಾರ್ಸಿಲೋನಾ ತಂಡದ ಕೋಚ್ ಆಗಿದ್ದ ಯೋಹಾನ್ ಕ್ರೈಫ್ ಅವರಿಗೆ ಇದು ಬಲು ಇಷ್ಟವಾಗಿತ್ತು. ಚೆಂಡು ಬರುವ ಮೊದಲೇ ಮುಂದಿನ ಪಾಸ್ ಯಾರಿಗೆ ಎಂದು ಯೋಚಿಸುವುದನ್ನು ಇದು ಚೆನ್ನಾಗಿ ಕಲಿಸುತ್ತದೆ. ಆದರೆ ವಿಡಿಯೋವನ್ನು ಇನ್ನೊಮ್ಮೆ ನೋಡಿ. ವೃತ್ತದಲ್ಲಿರುವವರು ಓಡುತ್ತಿಲ್ಲ, ಹೆಚ್ಚುಕಡಿಮೆ ನಿಂತಲ್ಲೇ ಇದ್ದಾರೆ. ಏದುಸಿರು ಬಿಡುತ್ತಿರುವವರು ನಡುವಿನ ಇಬ್ಬರು ಮಾತ್ರ!

ಹಾಗಾದರೆ ದಮ್ಮು ಹೆಚ್ಚುವುದು ಯಾವುದರಿಂದ? ನಾರ್ವೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬಹಳ ಹೆಸರಾಯಿತು. ಅದರಲ್ಲಿ ಕಿರಿಯ ಆಟಗಾರರನ್ನು ವಾರಕ್ಕೆ ಎರಡು ದಿನದಂತೆ 8 ವಾರ ಓಡಿಸಿದರು. ಗರಿಷ್ಠ ಹೃದಯ ಬಡಿತದ 90–95 ಶೇಕಡಾ ಮುಟ್ಟುವಷ್ಟು ಜೋರಾಗಿ 4 ನಿಮಿಷ ಓಟ, ನಡುವೆ 3 ನಿಮಿಷ ಹಗುರ ಜಾಗಿಂಗ್, ಹೀಗೆ ನಾಲ್ಕು ಸಲ. ಕೊನೆಯಲ್ಲಿ ಅವರು ಪಂದ್ಯದಲ್ಲಿ ಓಡಿದ ದೂರ ಸುಮಾರು 20 ಶೇಕಡಾ ಹೆಚ್ಚಿತ್ತು. ಚೆಂಡಿನ ಬಳಿ ಇದ್ದ ಸಂದರ್ಭಗಳೂ ಹೆಚ್ಚಿದ್ದವು. ಅಂದರೆ ಓಟ ವ್ಯರ್ಥ ಎನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಅದೇ ಕೆಲಸವನ್ನು ಚೆಂಡಿನ ಜೊತೆಗೂ ಮಾಡಬಹುದೇ? ಮಾಡಬಹುದು. ಕಡಿಮೆ ಜನರ ಸಣ್ಣ ಆಟಗಳನ್ನು ಇಂಥ ಓಟದ ಜೊತೆ ಹೋಲಿಸಿದ ಅಧ್ಯಯನ 2006ರಲ್ಲಿ ಬಂತು. ಎರಡೂ ಗುಂಪುಗಳ ಫಿಟ್‌ನೆಸ್ ಹೆಚ್ಚುಕಡಿಮೆ ಸಮನಾಗಿಯೇ ಏರಿತ್ತು. ಆದರೆ ಇದು ವೃತ್ತದಲ್ಲಿ ನಿಂತು ಆಡುವ ಆಟವಲ್ಲ. ಉದಾಹರಣೆಗೆ, ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ನಾಲ್ವರ ವಿರುದ್ಧ ನಾಲ್ವರು. ಗೋಲ್ ಇಲ್ಲ, ಚೆಂಡು ಉಳಿಸಿಕೊಳ್ಳುವುದೇ ಗುರಿ. ಚೆಂಡು ಕೈತಪ್ಪಿದ ಕೂಡಲೇ ಎಲ್ಲರೂ ಅದರ ಬೆನ್ನು ಹತ್ತಬೇಕು. ಜಾಗ ದೊಡ್ಡದಾದಷ್ಟು, ಜನ ಕಡಿಮೆಯಾದಷ್ಟು ಹೃದಯ ಬಡಿತ ಏರುತ್ತದೆ. ಪಕ್ಕದಲ್ಲಿ ನಿಂತು ಕೋಚ್ ಹುರಿದುಂಬಿಸಿದರೂ ಏರುತ್ತದೆ ಎಂದು ಅಳೆದು ನೋಡಿದ್ದಾರೆ. ಹೊರಗೆ ಹೋದ ಚೆಂಡು ತರಲು ಒಬ್ಬ ಹೋಗಿ ಉಳಿದವರು ಸೊಂಟದ ಮೇಲೆ ಕೈಯಿಟ್ಟು ನಿಂತರೆ ಮುಗಿಯಿತು, ಬಡಿತ ಇಳಿಯುತ್ತದೆ. ಅದಕ್ಕೇ ನಾಲ್ಕೈದು ಚೆಂಡು ಅಂಚಿನಲ್ಲೇ ಇಟ್ಟುಕೊಳ್ಳುತ್ತಾರೆ.

ಇದರಲ್ಲೂ ಒಂದು ಕೊರತೆ ಇದೆ. ಇಷ್ಟು ಜಾಗದಲ್ಲಿ ಪೂರ್ತಿ ವೇಗದ ಓಟಕ್ಕೆ ಅವಕಾಶವೇ ಸಿಗುವುದಿಲ್ಲ. ಆದರೆ ಪಂದ್ಯದಲ್ಲಿ ಉದ್ದದ ಪಾಸ್ ಬಂದಾಗ ಆ ವೇಗ ಬೇಕೇ ಬೇಕು. ಅಭ್ಯಾಸವಿಲ್ಲದೆ ಒಮ್ಮೆಲೇ ನುಗ್ಗಿದರೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ಳುತ್ತದೆ. ಹಾಗಾಗಿ ಸ್ಪ್ರಿಂಟ್ ಅನ್ನು ಬೇರೆಯಾಗಿಯೇ ಮಾಡಬೇಕು.

ಓಟದ ಮತ್ತು ಸಣ್ಣ ಆಟಗಳ ಆ ಎರಡು ಅಧ್ಯಯನಗಳು ನಿಯಮಿತವಾಗಿ ತರಬೇತಿ ಪಡೆಯುವ ಹದಿಹರೆಯದವರ ಮೇಲೆ ನಡೆದವು. ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಟರ್ಫ್‌ಗೆ ಇಳಿಯುವ ನಲವತ್ತು ದಾಟಿದವರಿಗೆ 90 ಶೇಕಡಾ ಬೇರೆಯೇ ಮಾತು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಮನೆಯವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. 220ರಿಂದ ವಯಸ್ಸು ಕಳೆದು ಲೆಕ್ಕ ಹಾಕುವ ಗರಿಷ್ಠ ಬಡಿತ ಬರೀ ಅಂದಾಜು. ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ. ಮೊದಲ ಕೆಲವು ವಾರ ನಾಲ್ಕು ನಿಮಿಷದ ಬದಲು ಎರಡೇ ನಿಮಿಷ ಆಡಿ, ಎರಡು ಮಾತಾಡುವಷ್ಟು ಉಸಿರು ಉಳಿಸಿಕೊಳ್ಳಿ. ಎದೆ ಬಿಗಿದರೆ ಅಥವಾ ತಲೆ ಸುತ್ತಿದರೆ ಆಟ ಅಲ್ಲಿಗೇ ನಿಲ್ಲಿಸಿ, ಗ್ಯಾಸ್ ಇರಬೇಕು ಎಂದುಕೊಂಡು ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ.